ಪ್ರಶ್ನೋತ್ತರ: ಎಡಗೈ ಅಣು, ಬಲಗೈ ಅಣು – ಬೇರ್ಪಡಿಸುವುದು ಹೇಗೆ?

ಒಂದಕ್ಕೊಂದು ಕನ್ನಡಿ ಬಿಂಬದಂತಿರುವ ಅಣುಗಳ, ಎಂದರೆ ಎನಾನ್ಷಿಯೊಮರ್‌ಗಳ, ಬಗ್ಗೆ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಪ್ರಯೋಗಾಲಯದಲ್ಲಿ ಕೈಯಾರೆ ಮಾಡುವವರ ಪ್ರಶ್ನೆಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಎರಡು ದ್ರವಗಳು ಬೆರೆತಿದ್ದರೆ ಬಟ್ಟಿ ಇಳಿಸಿ ಬೇರ್ಪಡಿಸಬಹುದು ಎಂದು ಓದಿದ್ದೇವೆ. ಎನಾನ್ಷಿಯೊಮರ್‌ಗಳಿಗೆ ಈ ಉಪಾಯ ಯಾಕೆ ನಡೆಯುವುದಿಲ್ಲ?
– ದ್ವಿತೀಯ ಪಿಯು ವಿದ್ಯಾರ್ಥಿ, ಹಾಸನ

ಉತ್ತರ: ಬಟ್ಟಿ ಇಳಿಸಬೇಕಾದರೆ ಕುದಿಬಿಂದುಗಳಲ್ಲಿ ವ್ಯತ್ಯಾಸ ಇರಬೇಕು. ಎನಾನ್ಷಿಯೊಮರ್ ಜೋಡಿಯಲ್ಲಿ ಪರಮಾಣುಗಳ ನಡುವಿನ ದೂರ, ಕೋನ ಎಲ್ಲವೂ ಒಂದೇ. ಹಾಗಾಗಿ ಕುದಿಬಿಂದು, ಕರಗುಬಿಂದು, ಸಾಂದ್ರತೆ, ನೀರಿನಲ್ಲೋ ಮೆಥನಾಲಿನಲ್ಲೋ ಕರಗುವ ಪ್ರಮಾಣ ಕೂಡ ಒಂದೇ. ಚಪ್ಪಲಿ ಜೋಡಿಯನ್ನು ತಕ್ಕಡಿಗೆ ಹಾಕಿದರೆ ಎಡ ಯಾವುದು ಬಲ ಯಾವುದು ತಿಳಿಯದು, ಕಾಲಿಗೆ ಹಾಕಿದ ಕೂಡಲೇ ತಿಳಿಯುತ್ತದೆ. ಅಣುಗಳಿಗೂ ಅಂಥದೊಂದು ‘ಕಾಲು’ ಬೇಕು, ಎಂದರೆ ತಾನೇ ಕೈರಲ್ (ಎಡ–ಬಲ ಭೇದವಿರುವ) ಆಗಿರುವ ಇನ್ನೊಂದು ವಸ್ತು. ಅದು ಶುದ್ಧ ಕೈರಲ್ ಆಮ್ಲವೋ ಕ್ಷಾರವೋ ಆಗಬಹುದು, ಮಿಶ್ರಣವನ್ನು ಹರಿಸುವ ಕೊಳವೆಯೊಳಗೆ (ಕಾಲಂನಲ್ಲಿ) ತುಂಬಿದ ಸೆಲ್ಯುಲೋಸ್ ಆಗಬಹುದು, ಕಿಣ್ವ ಆಗಬಹುದು.

ನಮ್ಮ ಮೂಗು ಕೂಡ ಅಂಥದೇ. ಕಾರ್ವೋನ್ ಎಂಬ ಸಂಯುಕ್ತದ ಒಂದು ರೂಪಕ್ಕೆ ಪುದೀನ ಜಾತಿಯ ಸ್ಪಿಯರ್‌ಮಿಂಟ್‌ನ ವಾಸನೆ, ಅದರ ಕನ್ನಡಿ ಬಿಂಬಕ್ಕೆ ಸಬ್ಬಸಿಗೆ ಬೀಜದ ವಾಸನೆ. ಮೂಗಿನ ಗ್ರಾಹಕಗಳು ಪ್ರೋಟೀನುಗಳು, ಅವು ಕೈರಲ್. ಬಟ್ಟಿ ಪಾತ್ರೆಗೆ ಕಾಣದ ವ್ಯತ್ಯಾಸ ಮೂಗಿಗೆ ತಿಳಿಯುವುದು ಹಾಗಾಗಿ.

ಪ್ರಶ್ನೆ: ರೆಸೀಮಿಕ್ (ಎರಡೂ ರೂಪ ಸಮನಾಗಿ ಬೆರೆತ) 1-ಫೀನೈಲ್‌ಈಥೈಲ್‌ಅಮೀನ್ ಎಂಬ ಕ್ಷಾರವನ್ನು ಟಾರ್ಟಾರಿಕ್ ಆಮ್ಲದಿಂದ ಬೇರ್ಪಡಿಸುವ ಪ್ರಯೋಗ ಮಾಡಿದೆವು. ಫ್ಲಾಸ್ಕನ್ನು ಐಸ್‌ನಲ್ಲಿಟ್ಟಾಗ ಒಂದು ಗಂಟೆಯೊಳಗೇ ಬಿಳಿ ಹರಳು ರಾಶಿ ಬಂತು. ಆದರೆ ಪೋಲಾರಿಮೀಟರಿನಲ್ಲಿ (ಧ್ರುವೀಕೃತ ಬೆಳಕು ಎಷ್ಟು ತಿರುಗುತ್ತದೆ ಎಂದು ಅಳೆಯುವ ಉಪಕರಣ) ಬೆಳಕು ಪುಸ್ತಕದ ಅಂಕಿಯ ಅರ್ಧದಷ್ಟೂ ತಿರುಗಲಿಲ್ಲ. ಎಲ್ಲಿ ತಪ್ಪಾಯಿತು?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಐಸ್‌ನಲ್ಲಿಟ್ಟದ್ದೇ ತಪ್ಪು. ನಿಮಗೆ ಬಂದ ಹರಳು ಕೂದಲೆಳೆಯಂಥ ಸೂಜಿಗಳಾಗಿರಬೇಕು. ಈ ಪ್ರಯೋಗದಲ್ಲಿ ಬೇಕಾದದ್ದು ಸೂಜಿಯಲ್ಲ, ದಪ್ಪ ಪಟ್ಟಕದ ಆಕಾರದ ಹರಳು. ಸೂಜಿಗಳಲ್ಲಿ ಎರಡೂ ರೂಪಗಳ ಅಮೀನ್ ಸೇರಿಕೊಂಡಿರುತ್ತದೆ. ಪಟ್ಟಕಗಳಲ್ಲಿ ಹೆಚ್ಚಿನಂಶ ಎಸ್ ರೂಪದ ಅಮೀನೇ ಇರುತ್ತದೆ (ಎರಡು ಕನ್ನಡಿ ಬಿಂಬಗಳಿಗೆ ರಸಾಯನಶಾಸ್ತ್ರ ಕೊಟ್ಟ ಹೆಸರು ಎಸ್ ಮತ್ತು ಆರ್).

ನಡೆಯುವುದು ಇಷ್ಟು. ಸಹಜ ಟಾರ್ಟಾರಿಕ್ ಆಮ್ಲ ಒಂದೇ ಕೈಯದು, ಅದರ ಹೆಸರು ಎಲ್-ಪ್ಲಸ್. ಅದು ಎಸ್-ಅಮೀನಿನೊಂದಿಗೆ ಒಂದು ಲವಣ, ಆರ್-ಅಮೀನಿನೊಂದಿಗೆ ಇನ್ನೊಂದು ಲವಣ ಮಾಡುತ್ತದೆ. ಈ ಎರಡು ಲವಣಗಳು ಒಂದಕ್ಕೊಂದು ಕನ್ನಡಿ ಬಿಂಬಗಳಲ್ಲ, ಡಯಾಸ್ಟೀರಿಯೊಮರ್‌ಗಳು. ಆದ್ದರಿಂದ ಮೆಥನಾಲಿನಲ್ಲಿ ಕರಗುವ ಪ್ರಮಾಣವೂ ಬೇರೆ ಬೇರೆ. ಎಸ್-ಅಮೀನಿನ ಲವಣ ಕಡಿಮೆ ಕರಗುವುದರಿಂದ ಮೊದಲು ಹರಳುಗಟ್ಟುತ್ತದೆ. ಆದರೆ ಎರಡರ ನಡುವಿನ ಅಂತರ ಅಪಾರವೇನಲ್ಲ. ದಿಢೀರನೆ ತಣ್ಣಗೆ ಮಾಡಿದರೆ ಎರಡೂ ಒಟ್ಟಿಗೆ ಇಳಿದುಬಿಡುತ್ತವೆ.

ಮತ್ತೊಮ್ಮೆ ಮಾಡುವಾಗ ಈ ಅಳತೆ ಇಟ್ಟುಕೊಳ್ಳಿ. 250 ಮಿಲೀ ಶಂಕು ಫ್ಲಾಸ್ಕಿನಲ್ಲಿ 6.25 ಗ್ರಾಂ ಎಲ್-ಪ್ಲಸ್-ಟಾರ್ಟಾರಿಕ್ ಆಮ್ಲ, 90 ಮಿಲೀ ಮೆಥನಾಲ್. ಫ್ಯೂಮ್ ಹುಡ್‌ನೊಳಗೆ, ನೀರಿನ ತೊಟ್ಟಿಯ ಮೇಲೆ, ಕುದಿಯುವ ಹಂತದ ಹತ್ತಿರದವರೆಗೆ ಬಿಸಿ ಮಾಡಿ. ಬರ್ನರ್ ಉರಿ ಹತ್ತಿರ ಬೇಡವೇ ಬೇಡ, ಮೆಥನಾಲ್ ಹೊತ್ತಿಕೊಳ್ಳುತ್ತದೆ, ಆವಿಯೂ ವಿಷ. ಆಮ್ಲ ಪೂರ್ತಿ ಕರಗಿದ ಮೇಲೆ 5 ಗ್ರಾಂ ಅಮೀನನ್ನು, ಎಂದರೆ ಸುಮಾರು 5.3 ಮಿಲೀ, ಹನಿಹನಿಯಾಗಿ ಬಿಡಿ. ಆಮ್ಲ–ಕ್ಷಾರ ಕೂಡುವಾಗ ಶಾಖ ಹುಟ್ಟುತ್ತದೆ, ಒಮ್ಮೆಲೇ ಸುರಿದರೆ ಉಕ್ಕಿ ಹೊರಗೆ ಬರುತ್ತದೆ. ಎರಡೂ ಸುಮಾರು 0.041 ಮೋಲ್, ಸಮಸಮ. ಬಾಯಿ ಮುಚ್ಚಿ, ಕೋಣೆಯ ಉಷ್ಣತೆಯಲ್ಲಿ 24 ಗಂಟೆ ಅಲುಗಿಸದೆ ಬಿಡಿ.

ಮರುದಿನ ನೋಡಿದಾಗ ಸೂಜಿಗಳೇ ಇದ್ದರೆ ಸೋಸಲು ಹೋಗಬೇಡಿ. ಫ್ಲಾಸ್ಕನ್ನು ಮತ್ತೆ ಬಿಸಿ ಮಾಡಿ. ಸೂಜಿಗಳು ಪಟ್ಟಕಗಳಿಗಿಂತ ಬೇಗ ಕರಗುತ್ತವೆ. ತಳದಲ್ಲಿ ಒಂದೆರಡು ಪಟ್ಟಕ ಉಳಿದಿರುವಾಗಲೇ ಕಾಯಿಸುವುದನ್ನು ನಿಲ್ಲಿಸಿದರೆ ಅವೇ ಬೀಜವಾಗುತ್ತವೆ. ಪಟ್ಟಕ ಒಂದೂ ಇಲ್ಲದಿದ್ದರೆ ಪೂರ್ತಿ ಕರಗಿಸಿ, ಸ್ವಲ್ಪ ತಣಿದ ಮೇಲೆ ಹಿಂದಿನ ವರ್ಷದ ಬ್ಯಾಚಿನ ಒಂದು ಕಣ ಹಾಕಿ, ಮತ್ತೆ ನಿಧಾನವಾಗಿ ಆರಲು ಬಿಡಿ. ಈ ಪ್ರಯೋಗ ನಡೆಸುವ ಪ್ರತಿಯೊಂದು ವಿಭಾಗವೂ ಒಳ್ಳೆಯ ಪಟ್ಟಕಗಳನ್ನು ಒಂದು ಚಿಕ್ಕ ಸೀಸೆಯಲ್ಲಿ ಎತ್ತಿಡಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಸೋಸಿದ ಹರಳನ್ನು ಐಸ್‌ನಷ್ಟು ತಣ್ಣಗಿನ ಮೆಥನಾಲಿನಿಂದ ಎರಡು ಸಲ, ಪ್ರತಿ ಸಲ ಕೆಲವೇ ಮಿಲೀ ಹಾಕಿ ತೊಳೆಯಿರಿ. ಧಾರಾಳವಾಗಿ ತೊಳೆದರೆ ಹರಳೇ ಕರಗಿ ಹೋಗುತ್ತದೆ. ಲೆಕ್ಕದ ಪ್ರಕಾರ ಎಸ್-ಅಮೀನಿನ ಲವಣ ಗರಿಷ್ಠ 5.6 ಗ್ರಾಂ ಸಿಗಬೇಕು, ಚೆನ್ನಾಗಿ ಮಾಡಿದಾಗ ಕೈಗೆ ಬರುವುದು 3.6ರಿಂದ 3.9 ಗ್ರಾಂ. ಐದು ಗ್ರಾಂ ದಾಟಿದರೆ ಸಂಭ್ರಮಿಸಬೇಡಿ, ಅನುಮಾನಿಸಿ: ಬೇಡದ ಲವಣವೂ ಜೊತೆಗೆ ಬಂದಿರುವ ಸಾಧ್ಯತೆಯೇ ಹೆಚ್ಚು.

ಇನ್ನೊಂದು ಕಡೆ ತುಂಬ ಜನ ಎಡವುತ್ತಾರೆ: ಲವಣವನ್ನೇ ನೀರಿನಲ್ಲಿ ಕರಗಿಸಿ ಪೋಲಾರಿಮೀಟರಿಗೆ ಹಾಕುತ್ತಾರೆ. ಟಾರ್ಟಾರಿಕ್ ಆಮ್ಲವೂ ಬೆಳಕನ್ನು ತಿರುಗಿಸುವುದರಿಂದ ಆ ಓದಿನಿಂದ ಅಮೀನಿನ ಶುದ್ಧತೆಯನ್ನು ನೇರವಾಗಿ ಹೇಳಲಾಗದು. ಮೊದಲು ಅಮೀನನ್ನು ಬಿಡಿಸಿಕೊಳ್ಳಬೇಕು. ಒಂದು ಮೋಲ್ ಲವಣಕ್ಕೆ ಎರಡು ಮೋಲ್ ಸೋಡಿಯಂ ಹೈಡ್ರಾಕ್ಸೈಡ್ ಬೇಕು, ಒಂದು ಅಮೀನನ್ನು ಬಿಡಿಸಲು, ಇನ್ನೊಂದು ಆಮ್ಲದಲ್ಲಿ ಉಳಿದಿರುವ ಎರಡನೇ ಕಾರ್ಬಾಕ್ಸಿಲ್‌ಗೆ. 3.9 ಗ್ರಾಂ ಲವಣಕ್ಕೆ 2 ಮೋಲಾರ್ ದ್ರಾವಣ ಕನಿಷ್ಠ 14.4 ಮಿಲೀ ಆಗುತ್ತದೆ, 25 ಮಿಲೀ ಹಾಕಿ. ಎರಡನೆಯದನ್ನು ಮರೆತು ಅರ್ಧ ಹಾಕಿದರೆ ಅಮೀನು ನೀರಿನಲ್ಲೇ ಉಳಿಯುತ್ತದೆ. ಈಥರ್‌ನಿಂದ ಮೂರು ಸಲ ಹೊರತೆಗೆದು, ನಿರ್ಜಲ ಸೋಡಿಯಂ ಸಲ್ಫೇಟ್ ಅಥವಾ ಪೊಟ್ಯಾಸಿಯಂ ಕಾರ್ಬೋನೇಟ್‌ನಿಂದ ಒಣಗಿಸಿ. ಕ್ಯಾಲ್ಸಿಯಂ ಕ್ಲೋರೈಡ್ ಬೇಡ, ಅದು ಅಮೀನನ್ನೇ ಹಿಡಿದುಕೊಳ್ಳುತ್ತದೆ. ಅಮೀನನ್ನು ತೆರೆದಿಟ್ಟರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಸೀಸೆಯ ಬಾಯಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಹಾಗಾಗಿ ಈಥರ್ ಪೂರ್ತಿ ಹೋದ ತಕ್ಷಣ ಮುಚ್ಚಳ ಹಾಕಿ. ಈಥರ್ ಸ್ವಲ್ಪ ಉಳಿದರೂ ತಿರುಗುಕೋನ ಕಡಿಮೆ ತೋರಿಸುತ್ತದೆ.

ಲೆಕ್ಕ ಹೀಗೆ. ಶುದ್ಧ ಎಸ್-ಅಮೀನಿಗೆ ದ್ರಾವಕವಿಲ್ಲದೆ ಅಳೆದಾಗ ವಿಶಿಷ್ಟ ತಿರುಗುಕೋನ ಸುಮಾರು ಮೈನಸ್ 40.3 ಡಿಗ್ರಿ, ಸೋಡಿಯಂನ 589 ನ್ಯಾನೋಮೀಟರ್ ಬೆಳಕಿನಲ್ಲಿ. ಒಬ್ಬರ ಅಮೀನು ಕೊಳವೆ ತುಂಬಲು ಸಾಲದು, ಮೂರ್ನಾಲ್ಕು ಜನರದ್ದು ಸೇರಿಸಿ. 5 ಸೆಂಮೀ ಕೊಳವೆ ಎಂದರೆ 0.5 ಡೆಸಿಮೀಟರ್, ಸಾಂದ್ರತೆ 0.95. ಓದು ಮೈನಸ್ 15.3 ಬಂದರೆ, ಅದನ್ನು 0.5 × 0.95ರಿಂದ ಭಾಗಿಸಿ: ಮೈನಸ್ 32.2. ಇದು 40.3ರ ಶೇ 80. ಶೇ 80 ಎಂಬುದು ಒಂದು ರೂಪ ಇನ್ನೊಂದಕ್ಕಿಂತ ಎಷ್ಟು ಹೆಚ್ಚಿದೆ ಎಂಬ ಲೆಕ್ಕ. ಆದ್ದರಿಂದ ನಿಮ್ಮ ಸೀಸೆಯಲ್ಲಿರುವುದು 80–20 ಅಲ್ಲ, 90–10. ಎಥನಾಲಿನಲ್ಲಿ ಕರಗಿಸಿ ಅಳೆದರೆ ಹೋಲಿಕೆಯ ಅಂಕಿಯೇ ಬೇರೆ. ದ್ರಾವಕ, ಸಾಂದ್ರಣ, ಉಷ್ಣತೆ ಮೂರೂ ಹೊಂದುವ ಅಂಕಿಯನ್ನೇ ಪುಸ್ತಕದಿಂದ ತೆಗೆದುಕೊಳ್ಳಿ.

ಮೆಥನಾಲಿನಲ್ಲಿ ಉಳಿದ ಆರ್-ಅಮೀನು ಬೇಕೆಂದರೆ, ಸೋಸಿದ ದ್ರವದಿಂದ ಅಮೀನು ಬಿಡಿಸಿ, ಡಿ-ಮೈನಸ್-ಟಾರ್ಟಾರಿಕ್ ಆಮ್ಲದೊಂದಿಗೆ ಇದೇ ಕ್ರಮ ಮಾಡಿ. ಆಮ್ಲದ ಕೈ ಬದಲಾದರೆ ಮೊದಲು ಇಳಿಯುವ ಲವಣದ ಕೈಯೂ ಬದಲಾಗುತ್ತದೆ. ಅದೇ ಮೆಥನಾಲ್, ಅದೇ ಅಳತೆ ಸಾಕು.

ಪ್ರಶ್ನೆ: ಪಾಶ್ಚರ್ 1848ರಲ್ಲಿ ಚಿಮಟದಿಂದ ಹರಳು ಆರಿಸಿದ ಪ್ರಯೋಗವನ್ನು ಮಕ್ಕಳಿಗೆ ತೋರಿಸಬೇಕೆಂದಿದ್ದೆ. ಟಾರ್ಟಾರಿಕ್ ಆಮ್ಲ ಹುಣಸೆಹಣ್ಣಿನಲ್ಲೂ ಇರುವುದರಿಂದ ಸುಲಭ ಅಂದುಕೊಂಡು, ಅಂಗಡಿಯಲ್ಲಿ ಸಿಗುವ ಆಮ್ಲದಿಂದ ಸೋಡಿಯಂ ಅಮೋನಿಯಂ ಟಾರ್ಟ್ರೇಟ್ ಮಾಡಿದೆ. ಎಲ್ಲ ಹರಳೂ ಒಂದೇ ಬಗೆ. ಯಾಕೆ?
– ಪಿಯು ಉಪನ್ಯಾಸಕರು, ಕಲಬುರಗಿ

ಉತ್ತರ: ಹುಣಸೆಯಲ್ಲಾಗಲಿ ದ್ರಾಕ್ಷಿಯಲ್ಲಾಗಲಿ ಇರುವುದು ಪ್ಲಸ್ ರೂಪ ಮಾತ್ರ. ಗಿಡದ ಕಿಣ್ವಗಳು ಇನ್ನೊಂದು ಕೈಯದನ್ನು ಮಾಡುವುದಿಲ್ಲ. ಒಂದೇ ರೂಪ ಹಾಕಿ ಎರಡು ಬಗೆಯ ಹರಳು ನಿರೀಕ್ಷಿಸುವಂತಿಲ್ಲ. ಪಾಶ್ಚರ್ ಬಳಸಿದ್ದು ಎರಡೂ ರೂಪಗಳು ಸಮನಾಗಿದ್ದ ರೆಸೀಮಿಕ್ ಆಮ್ಲ. ಅದು ಮೊದಲು ಸಿಕ್ಕಿದ್ದು ಅಲ್ಸೇಸ್ ಪ್ರಾಂತದ ಥಾನ್ ಊರಿನ ಟಾರ್ಟಾರಿಕ್ ಆಮ್ಲದ ಕಾರ್ಖಾನೆಯಲ್ಲಿ. ನೀವು ಕೊಳ್ಳುವಾಗ ಲೇಬಲ್ಲಿನ ಮೇಲೆ ‘ಡಿಎಲ್’ ಎಂದಿರಬೇಕು.

ನಿರ್ಜಲ ಆಮ್ಲವಾದರೆ 15 ಗ್ರಾಂ, ಒಂದು ನೀರಿನಣು ಸೇರಿದ್ದಾದರೆ 16.8 ಗ್ರಾಂ ತೆಗೆದುಕೊಳ್ಳಿ. ನೀರಿನಲ್ಲಿ ಕರಗಿಸಿ ಸರಿಯಾಗಿ ಎರಡು ಪಾಲು ಮಾಡಿ. ಒಂದು ಪಾಲಿಗೆ 4 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಅಥವಾ 5.3 ಗ್ರಾಂ ನಿರ್ಜಲ ಸೋಡಿಯಂ ಕಾರ್ಬೋನೇಟ್. ಇನ್ನೊಂದು ಪಾಲಿಗೆ ಲಿಟ್ಮಸ್ ತಟಸ್ಥ ತೋರಿಸುವವರೆಗೆ ಅಮೋನಿಯ ದ್ರಾವಣ. ಎರಡನ್ನೂ ಬೆರೆಸಿ ಹದವಾದ ಬಿಸಿಯಲ್ಲಿ ನೀರನ್ನು ಇಳಿಸಿ. ಕೊತಕೊತ ಕುದಿಸಿದರೆ ಅಮೋನಿಯ ಹಾರಿಹೋಗಿ, ಸುಲಭವಾಗಿ ಕರಗದ ಅಮೋನಿಯಂ ಹೈಡ್ರೋಜನ್ ಟಾರ್ಟ್ರೇಟ್ ಪುಡಿಯಾಗಿ ತಳ ಸೇರುತ್ತದೆ. ಹಾಗಾದರೆ ಅಮೋನಿಯ ಕೆಲವು ಹನಿ ಹಾಕಿ ಮತ್ತೆ ತಟಸ್ಥಕ್ಕೆ ತನ್ನಿ.

ಇನ್ನು ಕಲಬುರಗಿಗೆ ತೀರ ಮುಖ್ಯವಾದ ಮಾತು. ಸುಮಾರು 27 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮಾತ್ರ ಈ ಲವಣದ ಎರಡು ರೂಪಗಳು ಬೇರೆ ಬೇರೆ ಹರಳಾಗುತ್ತವೆ. ಅದಕ್ಕಿಂತ ಬಿಸಿಯಲ್ಲಿ ಎರಡೂ ಒಂದೇ ಹರಳಿನೊಳಗೆ ಸಮನಾಗಿ ಕೂತುಬಿಡುತ್ತವೆ, ಆರಿಸಲು ಏನೂ ಇರುವುದಿಲ್ಲ. ನಿಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ತೆರೆದ ಕೋಣೆಯಲ್ಲಿ ಇದು ಆಗುವ ಕೆಲಸವಲ್ಲ. ಡಿಸೆಂಬರ್–ಜನವರಿಯಲ್ಲಿ, ಹಗಲೂ ತಂಪಾಗಿರುವ ಕೋಣೆಯಲ್ಲಿ ಮಾಡಿ, ಅಥವಾ 20 ಡಿಗ್ರಿಯ ಸುಮಾರಿಗೆ ಏಸಿ ಇಟ್ಟ ಕೋಣೆಯಲ್ಲಿ. ಫ್ರಿಜ್‌ನಲ್ಲಿಟ್ಟರೆ ಹರಳುಗಳು ಬೇಗ ಬರುತ್ತವೆ, ಆದರೆ ಪುಟ್ಟವು. ಮೈಯ ಮುಖಗಳು ಕಾಣುವುದಿಲ್ಲ.

ಬಟ್ಟಲಿನ ಮೇಲೆ ಸೋಸುಕಾಗದ ಮುಚ್ಚಿ ದಿನಗಟ್ಟಲೆ ಬಿಡಿ. ನಾಲ್ಕೈದು ಮಿಲೀಮೀಟರ್ ಬೆಳೆದ ಹರಳುಗಳನ್ನು ಕಪ್ಪು ಕಾಗದದ ಮೇಲೆ ಒಂದೇ ಮುಖ ನಿಮ್ಮ ಕಡೆ ಇರುವಂತೆ ಜೋಡಿಸಿ, ಮಸೂರದಿಂದ ನೋಡಿ. ಮೂಲೆಯಲ್ಲಿ ಒಂದು ಚಿಕ್ಕ ಓರೆ ಮುಖ ಕೆಲವದರಲ್ಲಿ ಬಲಕ್ಕೆ, ಕೆಲವದರಲ್ಲಿ ಎಡಕ್ಕೆ ಇರುತ್ತದೆ. ಸ್ಪಷ್ಟವಾಗಿ ಕಾಣದವನ್ನು ಬದಿಗಿಡಿ, ಊಹೆಯ ಮೇಲೆ ಯಾವ ಗುಂಪಿಗೂ ಸೇರಿಸಬೇಡಿ. ಕೊನೆಗೆ ಎರಡು ಗುಂಪುಗಳಿಂದಲೂ ಒಂದೊಂದು ಗ್ರಾಂ ತೆಗೆದು 10 ಮಿಲೀ ನೀರಿನಲ್ಲಿ ಕರಗಿಸಿ ಪೋಲಾರಿಮೀಟರಿಗೆ ಹಾಕಿದರೆ ಒಂದು ಬಲಕ್ಕೆ, ಇನ್ನೊಂದು ಅಷ್ಟೇ ಎಡಕ್ಕೆ. ಸಮನಾಗಿ ಬೆರೆಸಿದರೆ ಸೊನ್ನೆ. ಹಿರಿಯ ವಿಜ್ಞಾನಿ ಬಿಯೋ ತಮ್ಮ ಕಣ್ಣೆದುರೇ ಮಾಡಿಸಿ ನೋಡಿದ ಮೇಲೆಯೇ ಪಾಶ್ಚರ್ ಮಾತನ್ನು ಒಪ್ಪಿದ್ದು.

ಹೀಗೆ ತಾವಾಗಿಯೇ ಬೇರೆ ಬೇರೆ ಹರಳಾಗುವ ರೆಸೀಮಿಕ್ ವಸ್ತುಗಳು ನೂರಕ್ಕೆ ಐದರಿಂದ ಹತ್ತು ಮಾತ್ರ. ಪಾಶ್ಚರ್ ಅವರಿಗೇ 1853ರ ಹೊತ್ತಿಗೆ ಸಿಂಕೋನ ಮರದಿಂದ ಬರುವ ಕ್ಷಾರಗಳೊಂದಿಗೆ ಲವಣ ಮಾಡುವ ದಾರಿ ಸಿಕ್ಕಿತು. ಧಾರವಾಡದ ಓದುಗರು ಮಾಡುತ್ತಿರುವ ಪ್ರಯೋಗ ಆ ದಾರಿಯದ್ದೇ.

ಪ್ರಶ್ನೆ: ಅಮೈಲೋಸ್ ಲೇಪದ ಕೈರಲ್ ಎಚ್‌ಪಿಎಲ್‌ಸಿ (ಮಿಶ್ರಣವನ್ನು ಕಾಲಂ ಮೂಲಕ ಹರಿಸಿ ಬೇರ್ಪಡಿಸುವ ಯಂತ್ರ) ಕಾಲಂನಲ್ಲಿ ಎರಡು ರೂಪಗಳ ಪೀಕ್‌ಗಳು ಚೆನ್ನಾಗಿ ಬಿಡಿಯಾಗಿ ಬರುತ್ತಿದ್ದವು. ಸ್ಯಾಂಪಲ್ ಹೆಕ್ಸೇನ್‌ನಲ್ಲಿ ಕರಗದ್ದರಿಂದ ಡೈಕ್ಲೋರೋಮೀಥೇನ್‌ನಲ್ಲಿ ಕರಗಿಸಿ ಹಾಕತೊಡಗಿದೆವು. ಈಗ ಎರಡೂ ಕೂಡಿಕೊಂಡಿವೆ, ಪ್ರೆಶರ್ ಕೂಡ ಏರಿದೆ.
– ಔಷಧ ಕಂಪನಿಯ ಗುಣಮಟ್ಟ ಪರೀಕ್ಷೆಯ (ಕ್ಯೂಸಿ) ಉದ್ಯೋಗಿ, ಹೈದರಾಬಾದ್

ಉತ್ತರ: ಕಾಲಂ ಹಾಳಾಗಿದೆ. ಲೇಪದ ಕಾಲಂನಲ್ಲಿ ಅಮೈಲೋಸ್‌ನ ಕಾರ್ಬಮೇಟ್ ಪಾಲಿಮರನ್ನು ಸಿಲಿಕಾದ ಮೇಲೆ ಬರೀ ಹಚ್ಚಿರುತ್ತಾರೆ, ರಾಸಾಯನಿಕವಾಗಿ ಬೆಸೆದಿರುವುದಿಲ್ಲ. ಡೈಕ್ಲೋರೋಮೀಥೇನ್, ಕ್ಲೋರೋಫಾರ್ಮ್, ಟಿಎಚ್‌ಎಫ್, ಅಸಿಟೋನ್, ಈಥೈಲ್ ಅಸಿಟೇಟ್, ಡಿಎಂಎಸ್‌ಒ ಇವು ಪಾಲಿಮರನ್ನು ಉಬ್ಬಿಸುತ್ತವೆ ಅಥವಾ ಕರಗಿಸುತ್ತವೆ. ಇಂಜೆಕ್ಷನ್‌ನಲ್ಲಿ ಹೋಗುವ ಕೆಲವು ಮೈಕ್ರೋಲೀಟರ್ ಕೂಡ ದಿನದಿನಕ್ಕೆ ಸೇರಿ ಇದೇ ಕೆಲಸ ಮಾಡುತ್ತದೆ. ಕಿತ್ತುಬಂದ ಪಾಲಿಮರ್ ಮುಂದೆ ಹೋಗಿ ಕಟ್ಟಿಕೊಳ್ಳುವುದರಿಂದ ಪ್ರೆಶರ್ ಏರುತ್ತದೆ.

ಸ್ಯಾಂಪಲನ್ನು ಮೊದಲು ಎಥನಾಲ್ ಅಥವಾ ಐಸೊಪ್ರೊಪನಾಲಿನಲ್ಲಿ ಕರಗಿಸಿ, ಆಮೇಲೆ ಮೊಬೈಲ್ ಫೇಸ್‌ನಿಂದ (ಕಾಲಂನಲ್ಲಿ ಹರಿಸುವ ದ್ರವ) ತೆಳುಮಾಡಿ ನೋಡಿ. ಅದೂ ಆಗದಿದ್ದರೆ ಪಾಲಿಮರ್ ಬೆಸೆದಿರುವ ಇಮ್ಮೊಬಿಲೈಸ್ಡ್ ಕಾಲಂ ಕೊಳ್ಳುವುದೇ ದಾರಿ, ಅವು ಈ ದ್ರಾವಕಗಳನ್ನು ತಡೆದುಕೊಳ್ಳುತ್ತವೆ.

ಹೊಸ ಕಾಲಂನಲ್ಲಿ ಶುರು ಮಾಡಲು: 250 × 4.6 ಮಿಮೀ, 5 ಮೈಕ್ರಾನ್ ಆದರೆ ಹೆಕ್ಸೇನ್–ಐಸೊಪ್ರೊಪನಾಲ್ 90:10, ನಿಮಿಷಕ್ಕೆ 1 ಮಿಲೀ, 25 ಡಿಗ್ರಿ. ಸ್ಯಾಂಪಲ್ ಅಮೀನಾದರೆ ಶೇ 0.1 ಡೈಈಥೈಲ್‌ಅಮೀನ್, ಆಮ್ಲವಾದರೆ ಶೇ 0.1 ಟ್ರೈಫ್ಲೋರೋಅಸಿಟಿಕ್ ಆಮ್ಲ. ಇದಿಲ್ಲದೆ ಪೀಕ್‌ಗೆ ಬಾಲ ಬರುತ್ತದೆ. ಎರಡನ್ನೂ ಒಂದೇ ಕಾಲಂನಲ್ಲಿ ಒಂದಾದ ಮೇಲೊಂದು ಓಡಿಸಬೇಡಿ, ಹಿಂದಿನದರ ಪ್ರಭಾವ ಎಷ್ಟು ತೊಳೆದರೂ ಸುಲಭಕ್ಕೆ ಹೋಗುವುದಿಲ್ಲ. ಹೆಕ್ಸೇನ್‌ನಿಂದ ನೇರವಾಗಿ ಮೆಥನಾಲಿಗೆ ಹೋಗುವುದೂ ಬೇಡ, ಅವೆರಡು ಪೂರ್ತಿ ಬೆರೆಯುವುದಿಲ್ಲ. ನಡುವೆ ನಿಧಾನ ಹರಿವಿನಲ್ಲಿ ಐಸೊಪ್ರೊಪನಾಲ್ ಓಡಿಸಿ.

ಶುದ್ಧ ಸ್ಯಾಂಪಲನ್ನು ಹಾಕಿ ‘ಒಂದೇ ಪೀಕ್ ಬಂತು, ಶೇ 100 ಶುದ್ಧ’ ಎಂದು ವರದಿ ಬರೆಯುವವರಿದ್ದಾರೆ. ಅದೇ ಪದ್ಧತಿಯಲ್ಲಿ ರೆಸೀಮಿಕ್ ಹಾಕಿದಾಗ ಎರಡು ಪೀಕ್, ಕನಿಷ್ಠ 1.5 ರೆಸಲ್ಯೂಷನ್‌ನಲ್ಲಿ (ಪೀಕ್‌ಗಳು ಎಷ್ಟು ಬಿಡಿಯಾಗಿವೆ ಎಂಬ ಅಳತೆ), ಸಮ ವಿಸ್ತೀರ್ಣದಲ್ಲಿ ಬಂದಿದ್ದರೆ ಮಾತ್ರ ಆ ಮಾತಿಗೆ ಬೆಲೆ.

ಪ್ರಶ್ನೆ: ನನಗೆ ಬಿಪಿಗೆ ಆಮ್ಲೊಡಿಪಿನ್ 5 ಮಿಗ್ರಾಂ ಇತ್ತು. ಈಗ ಎಸ್-ಆಮ್ಲೊಡಿಪಿನ್ 2.5 ಮಿಗ್ರಾಂ ಬರೆದಿದ್ದಾರೆ. ಮದ್ದು ಅರ್ಧ ಆಯಿತೇ?
– ನಿವೃತ್ತ ಶಿಕ್ಷಕರು, ತುಮಕೂರು

ಉತ್ತರ: ಇಲ್ಲ. 5 ಮಿಗ್ರಾಂ ಮಾತ್ರೆಯಲ್ಲಿ ಅರ್ಧ ಎಸ್ ರೂಪ, ಅರ್ಧ ಆರ್ ರೂಪ. ರಕ್ತದೊತ್ತಡ ಇಳಿಸುವುದು ಎಸ್ ರೂಪ, ಅದು ಹೊಸ ಮಾತ್ರೆಯಲ್ಲೂ ಅಷ್ಟೇ ಇದೆ. ಕಾರ್ಖಾನೆಯಲ್ಲಿ ಇದನ್ನು ಬೇರ್ಪಡಿಸುವ ಒಂದು ಹೆಸರಾಂತ ವಿಧಾನ ಕೂಡ ಟಾರ್ಟಾರಿಕ್ ಆಮ್ಲದ್ದೇ, ಡಿಎಂಎಸ್‌ಒ ದ್ರಾವಕದಲ್ಲಿ. ಆ ದ್ರಾವಕವೂ ಹರಳಿನೊಳಗೆ ಸೇರಿಕೊಂಡು ಇಳಿಯುತ್ತದೆ.

ಆದರೆ ‘ಒಂದೇ ರೂಪ ಎಂದರೆ ಅರ್ಧ ಡೋಸ್’ ಎಂಬ ಸೂತ್ರವನ್ನು ಎಲ್ಲದಕ್ಕೂ ಹಚ್ಚಬೇಡಿ. ಸೆಟಿರಿಜಿನ್ 10, ಲೀವೊಸೆಟಿರಿಜಿನ್ 5 – ಇಲ್ಲಿ ಹೊಂದುತ್ತದೆ. ಒಮೆಪ್ರಜೋಲ್ ಮತ್ತು ಎಸೊಮೆಪ್ರಜೋಲ್‌ಗೆ ಹೊಂದುವುದಿಲ್ಲ: ಎರಡೂ ರೂಪಗಳು ಜಠರದ ಆಮ್ಲದಲ್ಲಿ ಒಂದೇ ಸಕ್ರಿಯ ವಸ್ತುವಾಗುತ್ತವೆ, ವ್ಯತ್ಯಾಸ ಇರುವುದು ಯಕೃತ್ತು ಯಾವುದನ್ನು ಬೇಗ ಒಡೆಯುತ್ತದೆ ಎಂಬುದರಲ್ಲಿ. ಐಬುಪ್ರೊಫೇನ್‌ನ ಕೆಲಸ ಮಾಡದ ಆರ್ ರೂಪದಲ್ಲಿ ಬಹುಪಾಲನ್ನು ದೇಹವೇ ಎಸ್ ಆಗಿ ಬದಲಿಸಿಕೊಳ್ಳುತ್ತದೆ. ಥಾಲಿಡೋಮೈಡ್‌ನ ಮಾತು ಬಂದಾಗಲೆಲ್ಲ ‘ಬೇರ್ಪಡಿಸಿ ಕೊಟ್ಟಿದ್ದರೆ ಆ ದುರಂತ ತಪ್ಪುತ್ತಿತ್ತು’ ಎನ್ನುತ್ತಾರೆ. ಅದು ಸರಿಯಲ್ಲ. 1957ರಿಂದ 1961ರವರೆಗೆ ಪಶ್ಚಿಮ ಜರ್ಮನಿಯಲ್ಲಿ ಮಾರಾಟವಾದ ಆ ಮದ್ದಿನ ಎರಡು ರೂಪಗಳು ದೇಹದೊಳಗೆ ಒಂದು ಇನ್ನೊಂದಾಗಿ ಬದಲಾಗುತ್ತಿರುತ್ತವೆ. ಶುದ್ಧ ಆರ್ ರೂಪವನ್ನು ನುಂಗಿದರೂ ಎಸ್ ಹುಟ್ಟಿಕೊಳ್ಳುತ್ತಿತ್ತು. ಮಾತ್ರೆಯ ಬದಲಾವಣೆಯನ್ನು ವೈದ್ಯರನ್ನು ಕೇಳಿಯೇ ಮಾಡಿ.

ಪ್ರಶ್ನೆ: ಬೇರ್ಪಡಿಸಿದ ಮೇಲೆ ಬೇಡದ ಅರ್ಧವನ್ನು ಕಾರ್ಖಾನೆಗಳು ಎಸೆಯುತ್ತವೆಯೇ?
– ಓದುಗರು, ಮೈಸೂರು

ಉತ್ತರ: ಸಾಧ್ಯವಾದಲ್ಲೆಲ್ಲ ಎಸೆಯುವುದಿಲ್ಲ. ಬೇಡದ ರೂಪವನ್ನು ಶಾಖದಿಂದಲೋ ಕ್ಷಾರದಿಂದಲೋ ಮತ್ತೆ ರೆಸೀಮಿಕ್ ಮಾಡಿ ಮೊದಲ ಹಂತಕ್ಕೇ ತಿರುಗಿ ಹಾಕುತ್ತಾರೆ. ಜಪಾನಿನ ತನಾಬೆ ಸೆಯಾಕು ಕಂಪನಿ 1969ರಲ್ಲಿ ಅಮೈನೋ ಆಮ್ಲಗಳಿಗೆ ಇದನ್ನೇ ಮಾಡಿತು. ಅಮೈನೋಅಸೈಲೇಸ್ ಕಿಣ್ವವನ್ನು ಕಾಲಂನಲ್ಲಿ ಕೂರಿಸಿ ಅಸಿಟೈಲ್ ಸೇರಿದ ಮಿಶ್ರಣ ಹರಿಸಿದರೆ ಎಲ್ ರೂಪದ ಅಸಿಟೈಲ್ ಮಾತ್ರ ಕಳಚುತ್ತದೆ, ಉಳಿದ ಡಿ ರೂಪವನ್ನು ಕಾಯಿಸಿ ರೆಸೀಮಿಕ್ ಮಾಡಿ ಮತ್ತೆ ಅದೇ ಕಾಲಂಗೆ. ಅಮೀನುಗಳಿಗೆ ಲೈಪೇಸ್ ಕಿಣ್ವ ಬಳಸುತ್ತಾರೆ. ನಮ್ಮ ಫೀನೈಲ್‌ಈಥೈಲ್‌ಅಮೀನನ್ನೇ ಜರ್ಮನಿಯ ಬಿಎಎಸ್‌ಎಫ್ ಹೀಗೆ ಬೇರ್ಪಡಿಸುತ್ತದೆ. ಬೇಕಾದ ಕೈಯದನ್ನು ಮಾತ್ರ ತಯಾರಿಸುವ ವೇಗವರ್ಧಕಗಳು ಇನ್ನೊಂದು ದಾರಿ, 2001ರ ನೊಬೆಲ್ ಬಂದದ್ದು ಆ ಕೆಲಸಕ್ಕೆ.

ಪ್ರಶ್ನೆ: ನನ್ನ ಅಮೀನಿಗೆ ಟಾರ್ಟಾರಿಕ್ ಆಮ್ಲ ಹಾಕಿದರೆ ಹರಳು ಬರುವುದೇ ಇಲ್ಲ, ಅಂಟು ಎಣ್ಣೆಯಾಗಿ ತಳ ಸೇರುತ್ತದೆ.
– ಸಂಶೋಧನಾ ವಿದ್ಯಾರ್ಥಿ, ಮಂಗಳೂರು

ಉತ್ತರ: ಒಂದೇ ಆಮ್ಲಕ್ಕೆ ಅಂಟಿಕೊಳ್ಳಬೇಡಿ. 50ರಿಂದ 100 ಮಿಗ್ರಾಂ ಅಮೀನನ್ನು ಚಿಕ್ಕ ವೈಯಲ್‌ಗಳಲ್ಲಿ ಹಂಚಿ, ಮ್ಯಾಂಡೆಲಿಕ್ ಆಮ್ಲ, ಡೈಬೆಂಜಾಯಿಲ್ ಟಾರ್ಟಾರಿಕ್ ಆಮ್ಲ, ಕ್ಯಾಂಫರ್‌ಸಲ್ಫೋನಿಕ್ ಆಮ್ಲ ಹೀಗೆ ಏಳೆಂಟನ್ನು, ಎಥನಾಲ್, ಐಸೊಪ್ರೊಪನಾಲ್, ಈಥೈಲ್ ಅಸಿಟೇಟ್, ಶೇ 5 ನೀರು ಬೆರೆತ ಅಸಿಟೋನ್ ಮುಂತಾದ ನಾಲ್ಕೈದು ದ್ರಾವಕಗಳಲ್ಲಿ ಪರೀಕ್ಷಿಸಿ. ಆಮ್ಲವನ್ನು ಸಮ ಮೋಲ್ ಬದಲು ಅರ್ಧ ಮೋಲ್ ಹಾಕಿದಾಗ ಹರಳು ಬರುವುದುಂಟು. ಒಂದೇ ಕುಟುಂಬದ ಎರಡು ಮೂರು ಆಮ್ಲಗಳನ್ನು ಕೂಡಿಸಿ ಹಾಕಿದರೂ ಬೇಗ ಇಳಿಯುತ್ತದೆ. 1998ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಪ್ರಕಟಿಸಿದ ಉಪಾಯ ಅದು. ನಿಮ್ಮದು ಅಮೀನಲ್ಲದೆ ಆಮ್ಲವಾಗಿದ್ದರೆ ಸಿಂಕೋನಿಡಿನ್ ಅಥವಾ ಶುದ್ಧ ಫೀನೈಲ್‌ಈಥೈಲ್‌ಅಮೀನ್ ಬಳಸಿ. ಕಾಸರಕದ ಬೀಜದಿಂದ ಬರುವ ಬ್ರೂಸಿನ್ ಹಳೆಯ ಪುಸ್ತಕಗಳಲ್ಲಿ ತುಂಬ ಕಾಣುತ್ತದೆ, ಆದರೆ ಅದು ಕಡು ವಿಷ, ಬೇರೆ ದಾರಿಯಿರುವಾಗ ಮುಟ್ಟಬೇಡಿ.

ಎಣ್ಣೆ ಬಂದ ವೈಯಲ್‌ಗಳನ್ನು ಎಸೆಯದೆ ಮುಚ್ಚಿಡಿ, ಆಗಾಗ ಗಾಜಿನ ಕಡ್ಡಿಯಿಂದ ಒಳಗೋಡೆ ಗೀರಿ. ವಾರಗಳ ನಂತರ ಹರಳುಗಟ್ಟಿದ್ದೂ ಇದೆ. ಹರಳು ಬಂದಾಗ ಮೊದಲು ಎನ್‌ಎಂಆರ್‌ನಲ್ಲಿ (ಅಣುಗಳನ್ನು ಗುರುತಿಸುವ ಯಂತ್ರ) ಅಮೀನು ಮತ್ತು ಆಮ್ಲದ ಅನುಪಾತ ನೋಡಿ, ಎಷ್ಟೋ ಸಲ ಇಳಿದದ್ದು ನೀವು ಹಾಕಿದ ಆಮ್ಲವೇ ಆಗಿರುತ್ತದೆ. ಎರಡೂ ಇದ್ದರೆ ಅಮೀನು ಬಿಡಿಸಿ ಕೈರಲ್ ಕಾಲಂಗೆ ಹಾಕಿ. 60–40 ಬಂದರೂ ಆ ಜೋಡಿಯನ್ನು ಬಿಡಬೇಡಿ, ಅದೇ ದ್ರಾವಕದಲ್ಲಿ ಎರಡು ಮೂರು ಸಲ ಮರುಹರಳುಗಟ್ಟಿಸಿ ಪ್ರತಿ ಸಲವೂ ಅಳೆಯಿರಿ. 50–50 ಬಂದರೆ ದ್ರಾವಕ ಬದಲಿಸಿ ನೋಡಿ, ಆಗಲೂ ಹಾಗೇ ಬಂದರೆ ಆ ಆಮ್ಲವನ್ನು ಪಟ್ಟಿಯಿಂದ ತೆಗೆದುಬಿಡಿ.